ಒಂದು ವಾರ ಜೀಪು, ಒಂದು ವಾರ ಕಾರು

ಇದನ್ನು ನಾನು ಮೊದಲು ಬರೆಯಹೊರಟದ್ದು ಪಟ್ಟಿಯಾಗಿ. ನೋಟುಪುಸ್ತಕದ ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ಜೀಪು, ಬಲಕ್ಕೆ ಕಾರು ಎಂದು ಬರೆದಿದ್ದೆ. ಎಡಗಡೆ: ಸ್ಟೇರಿಂಗ್ ಗಟ್ಟಿ, ಏರಿಗೆ ಹೆದರುವುದಿಲ್ಲ, ಮಳೆನೀರು ಒಳಗೆ ಬರುತ್ತದೆ, ಡೀಸೆಲ್. ಬಲಗಡೆ: ಕ್ಲಚ್ಚು ಹಗುರ, ಗಾಜು ಪೂರ್ತಿ ಮುಚ್ಚುತ್ತದೆ, ತಳ ಕಲ್ಲಿಗೆ ಬಡಿಯುತ್ತದೆ, ಪೆಟ್ರೋಲ್. ಆ ಹಾಳೆ ಈಗಲೂ ಇದೆ. ಅದರಲ್ಲಿ ಬರೆದದ್ದೆಲ್ಲ ನಿಜ. ಆದರೆ ಆ ಎರಡು ವಾರ ಏನಾಯಿತು ಎಂದು ಯಾರಾದರೂ ಕೇಳಿದರೆ ಅದನ್ನು ತೋರಿಸಲಾರೆ. ಆದದ್ದು ಇಷ್ಟು. ಎರಡು ಹಳೆಯ ಗಾಡಿಗಳಲ್ಲಿ ಯಾವುದನ್ನು ಕೊಳ್ಳಲಿ ಎಂದು ನೋಡುತ್ತಿದ್ದ ಹೊತ್ತಿನಲ್ಲಿ, ಹೇಳಲೇಬೇಕಾಗಿದ್ದ ಒಂದು ಮಾತನ್ನು ಆರು ದಿನ ಹೇಳದೆ ಉಳಿದೆ. ಆ ಆರು ದಿನ ಒಬ್ಬ ಅಜ್ಜಿಯ ಎಡಗಣ್ಣು ಹೋಗುತ್ತಿತ್ತು. ಅದು ನನಗೆ ಗೊತ್ತಿತ್ತು.

ಕಳಸದ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನ ಹೇಳಿಕೊಡುತ್ತೇನೆ. ಹುಟ್ಟಿದ್ದು ಇದೇ ಜಿಲ್ಲೆಯ ಬಯಲಿನಲ್ಲಿ, ಕಡೂರಿನ ಕಡೆ. ವರ್ಗವಾಗಿ ಬಂದು ಆಗ ಮೂರು ವರ್ಷವಾಗಿತ್ತು. ಬಾಡಿಗೆಗೆ ಸಿಕ್ಕಿದ್ದು ಸಂಸೆಯ ದಾರಿಯಲ್ಲಿ, ಒಂದು ಎಸ್ಟೇಟಿನವರು ಲೆಕ್ಕ ಬರೆಯುವ ತಮ್ಮ ರೈಟರಿಗೆಂದು ಕಟ್ಟಿಸಿದ ಎರಡು ಕೋಣೆಯ ಮನೆ; ಈಗಿನ ರೈಟರು ಪೇಟೆಯಿಂದ ಬೈಕಿನಲ್ಲಿ ಬಂದುಹೋಗುತ್ತಾರೆ. ಮೂರು ವರ್ಷದಲ್ಲಿ ನಾನು ಆ ದಾರಿಯ ಒಂದು ಮನೆಗೂ ಹೋಗಿರಲಿಲ್ಲ. ಕರೆಯದೆ ಹೋಗುವುದು ಹೇಗೆಂದು ನನಗೆ ತಿಳಿಯದು, ಕರೆಯುವಷ್ಟು ಗುರುತು ಯಾರಿಗೂ ಇರಲಿಲ್ಲ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಮಾತಾಡಲು ಯಾರೂ ಇಲ್ಲದೆ ನನ್ನ ಗಂಟಲು ಕಟ್ಟಿಕೊಳ್ಳುತ್ತಿತ್ತು. ಸೋಮವಾರ ಮೊದಲ ಪೀರಿಯಡ್ಡಿನಲ್ಲಿ ಎರಡು ಸಲ ಕೆಮ್ಮಿ ಅದನ್ನು ಬಿಡಿಸಿಕೊಳ್ಳಬೇಕಿತ್ತು. ಮಕ್ಕಳು ನನಗೆ ದಮ್ಮು ಇದೆ ಅಂದುಕೊಂಡಿದ್ದರು.

ಆ ಮಳೆಗಾಲದ ಶುರುವಿನಲ್ಲಿ ಸಂಜೆಯ ಬಸ್ಸು ನಿಂತುಹೋಯಿತು. ಸ್ವಂತ ಗಾಡಿ ಬೇಕಾಯಿತು.

ಕಳಸದಲ್ಲಿ ನನಗೆ ಗೊತ್ತಿದ್ದ ಮೆಕ್ಯಾನಿಕ್ ಒಬ್ಬರೇ, ಹೊಳೆಯ ಕಡೆ ತಗಡಿನ ಶೆಡ್ಡು ಹಾಕಿಕೊಂಡಿದ್ದ ಸಾಬರು. ಅವರ ಮಗಳು ನನ್ನ ಕ್ಲಾಸಿನಲ್ಲಿದ್ದಳು. ಅವರ ಹತ್ತಿರ ಮಾರಾಟಕ್ಕೆ ಎರಡು ಗಾಡಿ ಇದ್ದವು. ಒಂದು ಹಳೆಯ ಜೀಪು, ಸಂಸೆಗೂ ಕಳಸಕ್ಕೂ ನಡುವೆ ವರ್ಷಗಟ್ಟಲೆ ಜನ ಹೊತ್ತದ್ದು. ಇನ್ನೊಂದು ಸಣ್ಣ ಬಿಳಿ ಕಾರು, ಮೂಡಿಗೆರೆಯ ಡಾಕ್ಟರಮ್ಮ ಒಬ್ಬರು ಮನೆಯಿಂದ ಕ್ಲಿನಿಕ್ಕಿಗೆ, ಕ್ಲಿನಿಕ್ಕಿನಿಂದ ಮನೆಗೆ ಮಾತ್ರ ಓಡಿಸಿದ್ದು.

"ಜೀಪು ಅಂದ್ರೆ ಗಂಡ ಇದ್ದ ಹಾಗೆ ಟೀಚರ್ರೇ," ಅಂದರು ಮೆಕ್ಯಾನಿಕ್. "ಸದ್ದು ಜಾಸ್ತಿ, ಆದ್ರೆ ಕಷ್ಟಕ್ಕೆ ಆಗ್ತದೆ."

"ಗಂಡನ್ನ ಬಿಟ್ಟು ಬಂದವಳ ಹತ್ರ ಹೀಗೆ ಹೇಳಿದ್ರೆ ವ್ಯಾಪಾರ ಆಗ್ತದಾ?"

ಅವರು ಸ್ಪ್ಯಾನರು ಕೆಳಗಿಟ್ಟು ನಕ್ಕರು. ನಾನು ಇದನ್ನು ನಿಜವಾಗಿ ಅಂದೆನೋ, ದಾರಿಯಲ್ಲಿ ಬರುವಾಗ ಅನ್ನಬೇಕಿತ್ತು ಅಂದುಕೊಂಡೆನೋ, ಈಗ ಖಾತ್ರಿ ಇಲ್ಲ. ಅವರು ನಕ್ಕದ್ದು ಮಾತ್ರ ಕಣ್ಣಿಗೆ ಕಟ್ಟಿದೆ. ಬೇರೆ ಯಾವುದಕ್ಕಾದರೂ ನಕ್ಕಿರಬಹುದು.

"ಒಂದು ವಾರ ಇದನ್ನ ಒಯ್ಯಿರಿ, ಒಂದು ವಾರ ಅದನ್ನ," ಅಂದರು. "ಕೈಗೆ ಯಾವುದು ಕೂತ್ಕೊಳ್ತದೆ ನೋಡಿ. ಬೇಡ ಅಂದ್ರೆ ಎರಡೂ ಬೇಡ. ನಂಗೇನು ಅವಸರ ಇಲ್ಲ ಮಾರಾಯ್ರೆ."

ಅಪ್ಪನ ಟ್ರ್ಯಾಕ್ಟರು ಓಡಿಸಿ ಕಲಿತವಳು ನಾನು, ಜೀಪಿಗೆ ಹೆದರಲಿಲ್ಲ. ಸೋಮವಾರ ಸಂಜೆ ಅದನ್ನು ತೆಗೆದುಕೊಂಡು ಹೊರಟೆ. ಎಂಜಿನ್ನಿನ ಬಿಸಿ ನೇರ ಎಡಗಾಲಿಗೆ ಬರುತ್ತಿತ್ತು. ನೆಲದ ತಗಡಿನ ತೂತಿನಲ್ಲಿ ರಸ್ತೆ ಓಡುವುದು ಕಾಣುತ್ತಿತ್ತು. ಒಳಗೆ ಡೀಸೆಲ್ಲು, ಒಣಮೀನು, ಕಾಫಿ ಮೂಟೆಗಳ ವಾಸನೆ. ಮಳೆಗೆಂದು ಬದಿಯ ಟಾರ್ಪಾಲು ಇಳಿಬಿಟ್ಟು ಕಟ್ಟಿದ್ದರು. ಅದರ ಪ್ಲಾಸ್ಟಿಕ್ ಕಿಟಕಿ ಹಳದಿಯಾಗಿ, ಹೊರಗಿನವರಿಗೆ ಒಳಗಿನವರು ಕಾಣುತ್ತಿರಲಿಲ್ಲ.

ಪೇಟೆ ದಾಟಿದ ಕೂಡಲೇ ಕೆಲಸ ಬಿಟ್ಟ ಹೆಂಗಸರ ಗುಂಪು ರಸ್ತೆಯಲ್ಲಿ ನಿಂತಿತ್ತು, ಎಸ್ಟೇಟಿನ ಕೂಲಿಯವರ ಲೈನುಮನೆಗಳಿಗೆ ಹೋಗುವವರು. ಯಾರೂ ಕೈ ಅಡ್ಡ ಮಾಡಲಿಲ್ಲ. ಜೀಪು ನಿಧಾನವಾದದ್ದೇ ತಡ, ಹಿಂದಿನಿಂದ ಒಬ್ಬೊಬ್ಬರಾಗಿ ಹತ್ತಿದರು. ಈ ದಾರಿಯಲ್ಲಿ ಜಾಗವಿರುವ ಜೀಪು ನಡೆಯುವವರನ್ನು ಬಿಟ್ಟು ಹೋಗುವುದಿಲ್ಲ. ಅದು ನನಗೆ ಗೊತ್ತಿರಲಿಲ್ಲ, ಜೀಪಿಗೆ ಗೊತ್ತಿತ್ತು.

"ಅಂತೂ ರಿಪೇರಿ ಆಯ್ತಾ ಭಾವ?" ಎಂದು ಒಬ್ಬಳು ಮುಂದಕ್ಕೆ ಬಗ್ಗಿದಳು. "ಅಯ್ಯಯ್ಯೋ!"

"ಏನೇ?"

"ಭಾವ ಅಲ್ಲ ಕಣೇ. ನನ್ನ ಮಗನ ಸೈನ್ಸ್ ಮೇಡಂ!"

"ಸುಮ್ನಿರೇ. ಮೇಡಂ ಎಲ್ಲಾದ್ರೂ ಜೀಪು ಬಿಡ್ತಾರಾ?"

"ಬಂದು ನೋಡು ಬೇಕಾದ್ರೆ."

"ಹಂಗಾದ್ರೆ ನೆಟ್ಟಗೆ ಕೂತ್ಕಳ್ರೇ ಎಲ್ಲ, ಹಾಜರಿ ಕರೀತಾರೆ."

"ಹೋಂವರ್ಕ್ ಮಾಡಿಲ್ಲ ಮೇಡಂ, ಹೊರಗೆ ನಿಲ್ಲಿಸ್ಬೇಡಿ, ಮಳೆ ಬರ್ತಿದೆ!"

ಹನ್ನೊಂದು ಜನ ಇದ್ದರೋ ಏನೋ, ಎಲ್ಲರೂ ನಕ್ಕರು, ನಾನೂ. ಆ ದಾರಿಯಲ್ಲಿ ನನ್ನ ನಗು ನಾನೇ ಕೇಳಿದ್ದು ಅದೇ ಮೊದಲು.

ಭಾವ ಯಾರೆಂದು ಅವರೇ ಹೇಳಿದರು. ಆ ಜೀಪು ಓಡಿಸುತ್ತಿದ್ದವನು. ಹಿರಿಯರು ಕಿರಿಯರು ಎಲ್ಲರಿಗೂ ಅವನು ಭಾವ. ಬಾಯಿತುಂಬ ಯಾವಾಗಲೂ ಎಲೆಅಡಿಕೆ, ಹಾಗಾಗಿ ಮಾತಿಲ್ಲ. ಏನು ಕೇಳಿದರೂ ಹಾರ್ನಿನಲ್ಲೇ ಉತ್ತರ. ಹೌದು ಎಂದರೆ ಒಂದು ಸಲ, ಇಲ್ಲ ಎಂದರೆ ಎರಡು ಸಲ. "ಅವನ ಮದ್ವೇಲಿ ಪುರೋಹಿತ್ರು ಒಪ್ಪಿಗೆನಾ ಅಂತ ಕೇಳಿದ್ದಕ್ಕೆ ಹೊರಗೆ ಹೋಗಿ ಹಾರ್ನ್ ಒತ್ತಿ ಬಂದ್ನಂತೆ," ಅಂದಳು ಒಬ್ಬಳು. ಸೊಂಟದ ನೋವು ಜಾಸ್ತಿಯಾಗಿ ಅವನು ಒಂದು ತಿಂಗಳ ಹಿಂದೆ ಘಟ್ಟದ ಕೆಳಗೆ ಮಗಳ ಮನೆಗೆ ಹೋಗಿದ್ದ. ಹೋಗುವಾಗ ಗಾಡಿ ರಿಪೇರಿಗೆ ಹಾಕಿದ್ದೇನೆ ಎಂದಷ್ಟೇ ಹೇಳಿದ್ದ. ಮಾರಲು ಕೊಟ್ಟಿದ್ದೇನೆ ಅನ್ನಲು ಬಾಯಿ ಬಂದಿರಲಿಕ್ಕಿಲ್ಲ. ಅದನ್ನು ನಾನು ಹೇಳಿದೆ. ಲೈನಿನ ಹತ್ತಿರ ಎಲ್ಲರೂ ಇಳಿದರು.

ಆಮೇಲೆ ನಾನು ಮತ್ತು ಜೀಪು. ನನ್ನ ಮನೆಗಿಂತ ಎರಡು ತಿರುವು ಮೊದಲು, ಎಡಗಡೆ ದಿಬ್ಬದ ಮೇಲೆ ಒಂದು ಒಂಟಿ ಮನೆ. ಮೂರು ವರ್ಷ ಬಸ್ಸಿನಿಂದ ಅದರ ದೀಪ ನೋಡಿದ್ದೆ. ತಿರುವಿನ ಏರಿಗೆ ಸೆಕೆಂಡ್ ಗೇರು ಹಾಕಿದೆ, ಸೈಲೆನ್ಸರು ಗೊರಗುಟ್ಟಿತು. ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಒಬ್ಬ ಅಜ್ಜಿ ಮೆಟ್ಟಿಲು ಇಳಿಯುತ್ತಾ ಕೈ ಬೀಸಿದರು. ನಿಲ್ಲಿಸಿದೆ. ಅವರು ಎಡಬದಿಯ ಟಾರ್ಪಾಲಿನ ತುದಿ ಎತ್ತಿ ಸೀಟಿನ ಮೇಲೆ ಖಾಲಿ ಬಾಟಲಿಯೊಂದನ್ನು ಇಟ್ಟರು. ತಲೆ ಒಳಗೆ ಹಾಕಲಿಲ್ಲ.

"ಎಲ್ಲಿ ಸತ್ತಿದ್ಯೋ ಮಾರಾಯ, ತಿಂಗಳಾಯ್ತಲ್ಲೋ! ಮಂಡಿಗೆ ಎಣ್ಣೆ ಇಲ್ದೆ ನಾನು ಕೂತಲ್ಲೇ ಕೂತಿದೀನಿ. ಗಾಡಿ ರಿಪೇರಿಗೆ ಹಾಕ್ದೆ ಅಂತ ನೀನೂ ರಿಪೇರಿಗೆ ಹೋಗ್ಬೇಕಾ? ಮಗನಿಗೆ ಹೇಳಿದ್ರೆ ಮಾತ್ರೆ ತರ್ತಾನೆ. ಅವನಿಗೆ ಎಣ್ಣೆ ಅಂದ್ರೆ ಹೋಟ್ಲಲ್ಲಿ ವಡೆ ಕರಿಯೋದೊಂದೇ ಗೊತ್ತು. ಪಂಡಿತ್ರ ಅಂಗಡಿದು, ನಾಳೆ ತಂದ್ಕೊಡು. ಕೇಳಿಸ್ತಾ?"

ಮೊದಲ ಸಲ ಇದನ್ನು ಬರೆದಾಗ ಹೀಗೆ ಬರೆದೆ: ನಾನು ಯಾರೆಂದು ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಅವರು ತಿರುಗಿ ಹೊರಟಿದ್ದರು. ಅದು ಸುಳ್ಳು. ಅವರು ಅಲ್ಲೇ ನಿಂತಿದ್ದರು. ಉತ್ತರಕ್ಕೆ ಕಾದರು. ಮಳೆ ಅಷ್ಟು ಜೋರಾಗಿಯೂ ಇರಲಿಲ್ಲ. ನಾನು ಹಾರ್ನು ಒತ್ತಿದೆ, ಒಂದು ಸಲ.

"ಹ್ಞಾಂ," ಎಂದು ಅವರು ಮೆಟ್ಟಿಲು ಹತ್ತಿದರು.

ಯಾಕೆ ಒತ್ತಿದೆ ಎಂಬುದಕ್ಕೆ ಬೇರೆ ಬೇರೆ ದಿನ ಬೇರೆ ಬೇರೆ ಕಾರಣ ಕೊಟ್ಟುಕೊಂಡಿದ್ದೇನೆ. ತಮಾಷೆಗೆ, ಗಾಬರಿಗೆ, ಅವರನ್ನು ಮಳೆಯಲ್ಲಿ ನಿಲ್ಲಿಸಬಾರದೆಂದು. ಈಗ ತೋರುವುದು ಇಷ್ಟೇ: ತಿಂಗಳು ಕಾಣದೆ ಹೋದದ್ದಕ್ಕೆ ನನ್ನನ್ನು ಯಾರೂ ಯಾವತ್ತೂ ಬೈದಿರಲಿಲ್ಲ.

ಮಂಗಳವಾರ ಎಣ್ಣೆ ತಂದುಕೊಟ್ಟೆ. ಕೊಟ್ಟೆ ಎಂದರೆ, ಎಡಸೀಟಿನ ಮೇಲೆ ಇಟ್ಟಿದ್ದೆ, ಅವರು ಟಾರ್ಪಾಲು ಎತ್ತಿ ತಡವಿ ತೆಗೆದುಕೊಂಡರು. ಅದೇ ಜಾಗದಲ್ಲಿ ಬಾಳೆಲೆಯ ಪೊಟ್ಟಣ ಇಟ್ಟರು. "ಹಲಸಿನ ಹಪ್ಪಳ. ಈಗಷ್ಟೇ ಕರಿದಿದ್ದು. ಬಾಯಲ್ಲಿರೋದನ್ನ ಉಗಿದು ತಿನ್ನು." ಮನೆಗೆ ಬಂದು ಅಂಗಿ ಬದಲಾಯಿಸದೆ ನಿಂತೇ ತಿಂದೆ.

ಬುಧವಾರ ಅವರ ಕೈಯಲ್ಲಿ ಏನೂ ಇರಲಿಲ್ಲ. ಟಾರ್ಪಾಲಿಗೆ ಮುಖ ಹತ್ತಿರ ತಂದು, ದನಿ ಇಳಿಸಿ ಮಾತಾಡಿದರು.

"ಒಂದು ಮಾತು ಹೇಳ್ತೀನಿ, ಯಾರತ್ರಾನೂ ಆಡ್ಬೇಡ. ಎಡಗಣ್ಣಲ್ಲಿ ಏನೋ ಆಗಿದೆ ಕಣೋ. ಭಾನ್ವಾರ ಮಿಂಚಿದ ಹಾಗೆ ಮಿಂಚ್ತು. ಆಮೇಲೆ ಮೇಲಿಂದ ಪರದೆ ಇಳಿದ ಹಾಗೆ. ನೋವಿಲ್ಲ ಏನಿಲ್ಲ. ಮಗನಿಗೆ ಹೇಳಿದ್ರೆ ಹೋಟ್ಲು ಮುಚ್ಚಿ ನನ್ನ ಮಂಗಳೂರಿಗೆ ಎಳ್ಕೊಂಡು ಓಡ್ತಾನೆ. ಸೊಸೆ ಒಬ್ಳೇ ಏನ್ ಮಾಡ್ತಾಳೆ? ವಯಸ್ಸಾಯ್ತು, ಮಂಜು ಬಂದಿರ್ಬೇಕು, ತಾನಾಗೇ ಹೋಗತ್ತೆ. ನೀನು ಹೇಳಲ್ಲ ತಾನೇ?"

ಹತ್ತನೇ ತರಗತಿಗೆ ನಾನು ಪ್ರತಿ ವರ್ಷ ಕಣ್ಣಿನ ಪಾಠ ಮಾಡುತ್ತೇನೆ. ಬೋರ್ಡಿನ ಮೇಲೆ ಚೆಂಡಿನಂಥ ಕಣ್ಣು ಬರೆದು, ಹಿಂದಿನ ಒಳಗೋಡೆಗೆ ಅಂಟಿಕೊಂಡ ಅಕ್ಷಿಪಟಲ ಎಂಬ ಪೊರೆಯನ್ನು ಕೆಂಪು ಸೀಮೆಸುಣ್ಣದಲ್ಲಿ ತೋರಿಸುತ್ತೇನೆ. ನನ್ನ ದೊಡ್ಡಮ್ಮನಿಗೆ ಆ ಪೊರೆ ಗೋಡೆ ಬಿಟ್ಟು ಕಳಚಿಕೊಂಡಿತ್ತು. ಮೊದಲು ಮಿಂಚು, ಆಮೇಲೆ ಪರದೆ, ನೋವಿಲ್ಲ. ಪರದೆ ನಡುವಿನ ತನಕ ಇಳಿಯುವ ಮೊದಲು ಡಾಕ್ಟರು ಕೈ ಹಾಕಿದರೆ ಕಣ್ಣು ಉಳಿಯುತ್ತದೆ, ಇಳಿದ ಮೇಲಾದರೆ ಅರ್ಧಂಬರ್ಧ. ದಿನಗಳ ಲೆಕ್ಕ. ಇದೆಲ್ಲ ಅಲ್ಲಿ, ಸ್ಟೇರಿಂಗ್ ಹಿಡಿದು ಕೂತಾಗಲೇ ನನಗೆ ಗೊತ್ತಿತ್ತು. ಆಮೇಲೆ ನೆನಪಾದದ್ದಲ್ಲ.

"ಹೇಳಲ್ಲ ತಾನೇ?" ಎಂದು ಅವರು ಮತ್ತೆ ಕೇಳಿದರು.

ಒಂದು ಸಲ ಒತ್ತಿದೆ.

ಇಲ್ಲಿ ಬರವಣಿಗೆ ನನಗೆ ಒಂದು ಸಹಾಯ ಮಾಡಲು ನೋಡುತ್ತದೆ. ಒತ್ತಿದ ಮೇಲೆ ನಿದ್ದೆ ಬರಲಿಲ್ಲ ಎಂದು ಬರೆ ಅನ್ನುತ್ತದೆ. ನಿದ್ದೆ ಬಂತು. ಮರುದಿನ ಶಾಲೆಯಲ್ಲಿ, ಸಂಜೆ ಹೇಳಿಬಿಡುತ್ತೇನೆ ಎಂದು ನಿರ್ಧರಿಸಿದೆ, ಹಗುರವಾಯಿತು. ಸಂಜೆ ಅವರು ಇಳಿದು ಬರಲಿಲ್ಲ. ಮೆಟ್ಟಿಲು ಹತ್ತಿ ಹೋಗಬಹುದಿತ್ತು, ಅವರು ಬಾರದಿದ್ದರೆ ನನ್ನ ತಪ್ಪೇನು ಎಂದು ಹೊರಟೆ. ಶುಕ್ರವಾರ ಬಂದರು. "ಸುಮ್ನೆ ಬಂದೆ ಮಾರಾಯ, ಗಾಡಿ ಸದ್ದು ಕೇಳ್ತು. ಹಗಲೆಲ್ಲ ಒಬ್ಳೇ ಕೂತು ಬೇಜಾರು." ಜೀಪಿನ ಕಂಬಿ ಹಿಡಿದು ನಿಂತು ಹತ್ತು ನಿಮಿಷ ಮಾತಾಡಿದರು: ಸೊಸೆ ಅನ್ನಕ್ಕೆ ನೀರು ಜಾಸ್ತಿ ಹಾಕುವುದು, ಕಾಡುಹಂದಿ ಕೆಸುವಿನ ಗೆಡ್ಡೆ ಅಗೆದದ್ದು, ಯಾರದೋ ಮದುವೆಯಲ್ಲಿ ಹೋಳಿಗೆ ಹಳಸಿದ್ದು. ನಾನು ಬೇಕಾದಲ್ಲಿ ಒಂದು, ಬೇಡವಾದಲ್ಲಿ ಎರಡು ಒತ್ತಿದೆ. ಆ ಹತ್ತು ನಿಮಿಷದಲ್ಲಿ ನನಗೆ ತುಂಬಾ ಸಂತೋಷವಾಗಿತ್ತು. ನಾನು ಬಾಯಿ ಬಿಟ್ಟರೆ ಅವರು ಕಂಬಿಯಿಂದ ಕೈ ತೆಗೆಯುತ್ತಾರೆ. ಮತ್ತೆ ಇಳಿದು ಬರುವುದಿಲ್ಲ. ಒಂದು ಕಡೆ ಅವರ ಕಣ್ಣು, ಇನ್ನೊಂದು ಕಡೆ ಈ ಹತ್ತು ನಿಮಿಷ. ನಾನು ತೂಗಿದೆ. ತೂಗಿದೆ ಎಂಬುದೇ ಈಗ ಬರೆಯಲು ಕಷ್ಟವಾಗುವ ಸಂಗತಿ.

ಭಾನುವಾರ ಹೋಗಲು ಕೆಲಸವೇ ಇರಲಿಲ್ಲ. ಆದರೂ ಜೀಪು ತೆಗೆದೆ, ಕಳಸದ ತನಕ ಹೋಗಿ ತಿರುಗಿ ಬಂದೆ. ಅಜ್ಜಿ ಇಳಿದು ಬಂದರು. ಕಂಬಿಗೆ ಚಾಚಿದ ಕೈ ಕಂಬಿಗಿಂತ ಒಂದು ಗೇಣು ಆಚೆ ಗಾಳಿಯಲ್ಲಿ ಆಡಿತು, ಮತ್ತೆ ಆಡಿತು, ಆಮೇಲೆ ಕಬ್ಬಿಣ ಸಿಕ್ಕಿತು. ಪ್ಲಾಸ್ಟಿಕ್ ಕಿಟಕಿಯ ಹಳದಿಯಲ್ಲಿ ಆ ಕೈ ನನಗೆ ಸ್ಪಷ್ಟವಾಗಿ ಕಂಡಿತು.

"ಭಾನ್ವಾರನೂ ಓಡಿಸ್ತೀಯಾ? ದುಡಿದು ದುಡಿದು ಸಾಯಿ," ಅಂದರು ಅವರು.

ನಾನು ಹಾರ್ನು ಒತ್ತಿದೆ.

ಸೋಮವಾರ ಬೆಳಿಗ್ಗೆ ಜೀಪು ಒಪ್ಪಿಸಿ ಕಾರು ತೆಗೆದುಕೊಂಡೆ. ಬಾಗಿಲು ಹಾಕಿದ ಕೂಡಲೇ ಹೊರಗಿನ ಸದ್ದೆಲ್ಲ ನಿಂತಿತು. ಸೀಟಿಗೆ ಬಿಳಿ ಟವೆಲಿನ ಹೊದಿಕೆ, ಕನ್ನಡಿಯ ಹತ್ತಿರ ಮಲ್ಲಿಗೆಯ ವಾಸನೆಯ ಪುಟ್ಟ ಡಬ್ಬಿ. ಒಂದು ಬೆರಳಿನಲ್ಲಿ ತಿರುಗುವ ಸ್ಟೇರಿಂಗು. ಸಂಜೆ ಅದೇ ಹೆಂಗಸರು ಅದೇ ಜಾಗದಲ್ಲಿ ನಿಂತಿದ್ದರು. ಕಾರು ಹತ್ತಿರ ಬಂದದ್ದು ಕಂಡು ಕೆಸರು ಸಿಡಿದೀತೆಂದು ಸೆರಗು ಎಳೆದು ಬದಿಗೆ ಸರಿದರು. ನಿಲ್ಲಿಸಿ ಗಾಜು ಇಳಿಸಿದೆ.

"ಬನ್ನಿ, ನಾಲ್ಕು ಜನ ಆಗುತ್ತೆ."

"ಅಯ್ಯೋ, ನೀವಾ ಮೇಡಂ! ಬ್ಯಾಡ ಬ್ಯಾಡ. ಕಾಲೆಲ್ಲ ಕೆಸರು, ಬಿಳೀ ಸೀಟು."

"ಪರವಾಗಿಲ್ಲ, ಹತ್ತಿ."

"ಇಲ್ಲ ಮೇಡಂ. ನಾಲ್ಕು ಜನ ಹತ್ತಿದ್ರೆ ಉಳಿದೋರು? ನೀವು ಹೋಗಿ. ನಾವು ಮಾತಾಡ್ಕೊಂಡು ನಡೀತೀವಿ."

ಹೋದ ವಾರ ಹಾಜರಿಯ ಮಾತಾಡಿದ್ದವಳೇ ಅದನ್ನು ಹೇಳಿದ್ದು. ಗೌರವದಿಂದಲೇ ಹೇಳಿದಳು. ತಿರುವಿನ ಏರನ್ನು ಕಾರು ಸದ್ದಿಲ್ಲದೆ ಹತ್ತಿತು. ಮೇಲಿನ ಮನೆಯ ಬಾಗಿಲು ತೆರೆದಿತ್ತು. ಯಾರೂ ಇಳಿದು ಬರಲಿಲ್ಲ. ಬರುವುದಾದರೂ ಯಾಕೆ?

ಮಂಗಳವಾರ ಶಾಲೆ ಬಿಟ್ಟವಳು ನೇರ ತಿರುವಿಗೆ ಬಂದು ಕಾರು ನಿಲ್ಲಿಸಿ ಮೆಟ್ಟಿಲು ಹತ್ತಿದೆ. ಧೈರ್ಯ ಬಂತು ಎಂದು ಬರೆಯುವ ಆಸೆ. ಜೀಪು ಕೈಬಿಟ್ಟಿತ್ತು, ಕಳೆದುಕೊಳ್ಳಲು ಇನ್ನೇನೂ ಉಳಿದಿರಲಿಲ್ಲ, ಅದಕ್ಕೇ ಹತ್ತಿದೆ.

"ಯಾರು?" ಅಜ್ಜಿ ಬಲಗಣ್ಣು ನನ್ನ ಕಡೆ ಬರುವ ಹಾಗೆ ಮುಖ ಓರೆ ಮಾಡಿದರು.

"ಆ ರೈಟರ ಮನೆಯಲ್ಲಿರೋಳು. ಹೈಸ್ಕೂಲ್ ಟೀಚರ್."

"ಓ, ನೀವಾ? ಬನ್ನಿ ಬನ್ನಿ, ಕೂತ್ಕೊಳ್ಳಿ." ಪ್ಲಾಸ್ಟಿಕ್ ಕುರ್ಚಿಯನ್ನು ಸೆರಗಿನಿಂದ ಒರೆಸಿದರು. ಬೇಡ ಅಂದರೂ ಒಳಗೆ ಹೋಗಿ ಕಾಫಿ ತಂದರು. ಲೋಟ ನನ್ನ ಕೈಗೆ ಸಿಗದೆ ಸ್ವಲ್ಪ ಚೆಲ್ಲಿತು. "ಮಳೆ ನೋಡಿ, ಬಿಡೋದೇ ಇಲ್ಲ. ಬಸ್ಸೂ ಇಲ್ಲ ಅಲ್ವಾ ನಿಮಗೆ? ಹೋದ ವಾರ ಜೀಪು ಬರ್ತಿತ್ತು. ಎರಡು ದಿನದಿಂದ ಅದೂ ಇಲ್ಲ. ಎಲ್ಲಿ ಹೋದ್ನೋ."

"ಅಮ್ಮ, ಭಾವ ಬರಲಿಲ್ಲ. ಅವರು ಮಗಳ ಮನೆಯಲ್ಲೇ ಇದ್ದಾರೆ. ಹೋದ ವಾರ ಜೀಪು ಓಡಿಸಿದ್ದು ನಾನು."

ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಎಣ್ಣೆ ತಂದಿದ್ದು?"

"ನಾನೇ."

"ಹಾರ್ನು?"

"ನಾನೇ."

"ಬುಧವಾರ ನಾನು..."

"ನಾನೇ ಇದ್ದದ್ದು. ಕಣ್ಣಿನ ವಿಷಯ ಕೇಳಿಸಿಕೊಂಡೆ. ಅದು ತಾನಾಗಿ ಹೋಗೋದಲ್ಲ ಅಮ್ಮ. ನಾಳೆನೇ ದೊಡ್ಡ ಆಸ್ಪತ್ರೆಗೆ ಹೋಗ್ಬೇಕು. ಆವತ್ತೇ ಹೇಳ್ಬೇಕಿತ್ತು ನಾನು."

ಬೈಗುಳಕ್ಕೆ ಕಾದೆ. ಹೋದ ವಾರದ ಹಾಗೆ ಬೈದಿದ್ದರೆ ಕ್ಷಮಿಸಿದ ಹಾಗೆ ಅಂದುಕೊಳ್ಳುತ್ತಿದ್ದೆ. ಅವರು ಅಂಗಳದ ಕಡೆ ಮುಖ ತಿರುಗಿಸಿದರು.

"ನೀವು ಓದಿದೋರು," ಅಂದರು. "ಕಾಫಿ ಆರತ್ತೆ. ಕುಡೀರಿ."

ಒಳಗೆ ಹೋದರು. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದ ಮಗನ ನಂಬರಿಗೆ ನಾನೇ ಫೋನು ಮಾಡಿದೆ. ಅವನು ಏಪ್ರನ್ನು ಬಿಚ್ಚದೆ ಸ್ಕೂಟರಿನಲ್ಲಿ ಬಂದ. ಎಲ್ಲವನ್ನೂ ನಿಂತು ಕೇಳಿದ.

"ಅಮ್ಮ ಇದನ್ನ ನಿಮಗೆ ಯಾವಾಗ ಹೇಳಿದ್ದು ಮೇಡಂ?"

"ಬುಧವಾರ."

"ಇವತ್ತು ಮಂಗಳವಾರ," ಅಂದ. ಅಷ್ಟೇ ಅಂದ.

ಮರುದಿನ ಬೆಳಕು ಹರಿಯುವಾಗ ನನ್ನ ಕಾರಿನಲ್ಲೇ ಹೊರಟೆವು. ಇನ್ನೂ ನನ್ನದಾಗದ ಕಾರು. ಮೆಕ್ಯಾನಿಕ್ಕಿಗೆ ಫೋನು ಮಾಡಿ ಕೇಳಿದರೆ, "ಕೇಳೋದೇನುಂಟು ಟೀಚರ್ರೇ, ಟಯರಿಗೆ ಗಾಳಿ ನೋಡ್ಕೊಳ್ಳಿ" ಅಂದರು. ಮಗ ಮುಂದೆ ಕೂತ. ಅಜ್ಜಿ ಹಿಂದೆ, ಸೊಸೆಯ ಹೆಗಲಿಗೆ ತಲೆ ಆನಿಸಿ. ಅವತ್ತು ಹೋಟೆಲು ಮುಚ್ಚಿತ್ತು. ಕುದುರೆಮುಖದಲ್ಲಿ ಮಂಜು ಎಷ್ಟಿತ್ತೆಂದರೆ ಮುಚ್ಚಿದ ಗಣಿಯವರ ಖಾಲಿ ಕ್ವಾರ್ಟರ್ಸುಗಳ ಬಾಗಿಲು ಮಾತ್ರ ಸಾಲಾಗಿ ಕಂಡವು, ಗೋಡೆಗಳು ಕಾಣಲಿಲ್ಲ. ಘಟ್ಟದಲ್ಲಿ ಹೊಂಡ ತಪ್ಪಿಸುತ್ತಾ, ತಲೆ ಅಲುಗದ ಹಾಗೆ, ಅಷ್ಟು ನಿಧಾನವಾಗಿ ನಾನು ಯಾವತ್ತೂ ಗಾಡಿ ಓಡಿಸಿಲ್ಲ. ಜೀಪಿನಲ್ಲಿ ಇದು ಆಗುತ್ತಿರಲಿಲ್ಲ. ಪಟ್ಟಿಯ ಬಲಗಡೆ ಇದನ್ನೂ ಸೇರಿಸಬಹುದು. ಗಾಜು ಮುಚ್ಚಿತ್ತು, ನಮ್ಮ ಉಸಿರು ನಮಗೆ ಕೇಳುತ್ತಿತ್ತು.

ಮಂಗಳೂರಿನಲ್ಲಿ ಮರುದಿನ ಆಪರೇಷನ್ನು ಆಯಿತು. ಡಾಕ್ಟರು ವರಾಂಡದಲ್ಲಿ ಮಗನ ಹತ್ತಿರ ಮಾತಾಡುವಾಗ ನಾನು ಕುಡಿಯುವ ನೀರಿನ ನಲ್ಲಿಯ ಹತ್ತಿರ ನಿಂತಿದ್ದೆ. ಪರದೆ ನಡುಭಾಗ ಮುಟ್ಟಿಬಿಟ್ಟಿತ್ತು, ಪೊರೆ ಕೂರಿಸಿದ್ದೇವೆ, ಬದಿಯ ನೋಟ ಬರಬಹುದು, ನೇರ ನೋಟ ಬರುವುದು ಅನುಮಾನ ಎಂದು ಕೇಳಿಸಿತು. ನಾಲ್ಕು ದಿನ ಮೊದಲು ತಂದಿದ್ದರೆ ಎಂಬ ಮಾತನ್ನು ಡಾಕ್ಟರು ಆಡಿದರೇ? ಆಡಿದ ಹಾಗೆ ನೆನಪು. ಮಗನನ್ನು ನಾನು ಕೇಳಿಲ್ಲ. ಆಡದಿದ್ದರೂ ಅದು ನನಗೆ ಕೇಳುತ್ತಿತ್ತು.

ಊರಿಗೆ ಬಂದ ಮೇಲೆ ಹತ್ತು ದಿನ ಅವರು ಬೋರಲು ಮಲಗಿರಬೇಕಿತ್ತು. ಕಣ್ಣಿನೊಳಗೆ ಬಿಟ್ಟ ಗಾಳಿಗುಳ್ಳೆ ಪೊರೆಯನ್ನು ಒತ್ತಿ ಹಿಡಿಯಬೇಕಾದರೆ ಮುಖ ಹಗಲೂ ರಾತ್ರಿ ಕೆಳಗೇ ಇರಬೇಕು. ಹೋಟೆಲು ಇನ್ನೆಷ್ಟು ದಿನ ಮುಚ್ಚುವುದು? ಆ ವಾರ ಮಳೆಯ ದೆಸೆಯಿಂದ ಶಾಲೆಗಳಿಗೆ ರಜೆ ಕೊಟ್ಟರು. ಸೊಸೆ ನನ್ನ ಮನೆಯ ತನಕ ನಡೆದು ಬಂದು, "ಹಗಲು ಅತ್ತೆ ಹತ್ರ ಕೂತ್ಕೊಳ್ತೀರಾ ಮೇಡಂ? ಬೇರೆ ಯಾರೂ ಇಲ್ಲ," ಅಂದಳು. ಬೇರೆ ಯಾರೂ ಇಲ್ಲ ಎಂಬುದನ್ನು ಒತ್ತಿ ಹೇಳಿದಳು ಅನಿಸಿತು.

ಹೋದೆ. ಅಜ್ಜಿ ಎರಡು ದಿಂಬಿನ ನಡುವೆ ಮುಖ ಇಟ್ಟುಕೊಂಡು ಮಲಗಿದ್ದರು. ಸ್ಟೂಲು ಎಳೆದುಕೊಂಡು ಕೂತೆ. ಅರ್ಧ ಗಂಟೆ ಇಬ್ಬರೂ ಸುಮ್ಮನಿದ್ದೆವು.

"ಅಲ್ಲಿ ಯಾರು?" ಅಂದರು ದಿಂಬಿನೊಳಗಿಂದ.

"ನಾನು, ಟೀಚರ್."

"ಇದ್ರೆ ಮಾತಾಡಿ. ಸುಮ್ನೆ ಕೂತ್ಕೋಬೇಡಿ. ಸುಮ್ನೆ ಕೂತೋರನ್ನ ಕಂಡ್ರೆ ನನಗೆ ಈಗ ಹೆದ್ರಿಕೆ."

ಏನು ಮಾತಾಡುವುದು? ಬಾಯಿಗೆ ಬಂದದ್ದು ಆ ಎರಡು ಗಾಡಿಗಳು. ಯಾವುದನ್ನು ಕೊಳ್ಳುತ್ತೇನೆ ಎಂದು ಇನ್ನೂ ಹೇಳಿಲ್ಲ, ಮೆಕ್ಯಾನಿಕ್ ಕಾಯುತ್ತಿದ್ದಾರೆ ಅಂದೆ. ಸ್ಟೇರಿಂಗಿನ ಗಟ್ಟಿತನದಿಂದ ಶುರುಮಾಡಿ ಒಂದೊಂದಾಗಿ ಹೇಳಿದೆ. ಹೇಳುತ್ತಾ ಹೋದ ಹಾಗೆ, ಪಟ್ಟಿಗೆ ಹಾಕದೆ ಬಿಟ್ಟದ್ದನ್ನೂ ಹೇಳಿದೆ: ಜೀಪಿಗೆ ಜನ ಹತ್ತುವುದು, ಕಾರಿಗೆ ಹತ್ತದಿರುವುದು, ಹಪ್ಪಳ ನಿಂತುಕೊಂಡೇ ತಿಂದದ್ದು, ಭಾನುವಾರ ಕೆಲಸವಿಲ್ಲದೆ ಬಂದದ್ದು. ಬೋರಲು ಮಲಗಿದವರ ಬೆನ್ನಿಗೆ ಹೇಳುವುದು ಮುಖಕ್ಕೆ ಹೇಳುವುದಕ್ಕಿಂತ ಸುಲಭ. ಅಷ್ಟು ಉದ್ದ ಮಾತನ್ನು ಆ ಮೂರು ವರ್ಷದಲ್ಲಿ ಯಾರಿಗೂ ಆಡಿರಲಿಲ್ಲ.

ಅವರು ಕೇಳಿದರು. ನಡುವೆ ಒಂದು ಸಲ, "ಹಪ್ಪಳಕ್ಕೆ ಉಪ್ಪು ಜಾಸ್ತಿ ಆಗಿತ್ತು ಅಲ್ವಾ?" ಅಂದರು.

"ಸ್ವಲ್ಪ."

"ಜೀಪು ಬೇಡ," ಅಂದರು ಆಮೇಲೆ. "ಅದರ ಸದ್ದು ಕೇಳಿದ್ರೆ ನಾನು ಎದ್ದು ಬಂದ್ಬಿಡ್ತೀನಿ, ಗೊತ್ತಿದ್ರೂ ಬರ್ತೀನಿ. ಅದು ಅವಂದು. ನೀವು ಕಾರೇ ತಗೊಳ್ಳಿ."

ಅದೊಂದು ಸಲಹೆಯೋ, ಕೋಪವೋ? ಮುಖ ಕಾಣುತ್ತಿದ್ದರೆ ಗೊತ್ತಾಗುತ್ತಿತ್ತೇನೋ.

ಕಾರು ಕೊಂಡೆ. ಜೀಪನ್ನು ಯಾರೋ ದೇವರಮನೆಯ ಗುಡ್ಡಕ್ಕೆ ಪ್ರವಾಸಿಗರನ್ನು ಹತ್ತಿಸಲು ಒಯ್ದರಂತೆ. ಹತ್ತು ದಿನ ಮುಗಿದು ಅಜ್ಜಿ ಎದ್ದು ಓಡಾಡುವಂತಾದರು. ಈಗ ತಪಾಸಣೆಗೆ ಮಂಗಳೂರಿಗೆ ಹೋಗುವಾಗೆಲ್ಲ ಸೊಸೆ ಫೋನು ಮಾಡುತ್ತಾಳೆ, ನಾನು ಒಯ್ಯುತ್ತೇನೆ. ಅಜ್ಜಿ ಹಿಂದಿನ ಸೀಟಿನಲ್ಲಿ ಕೂರುತ್ತಾರೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾರೆ. ಎಡಗಣ್ಣಿಗೆ ಮನುಷ್ಯರ ತಲೆ ಕಾಣುವುದಿಲ್ಲವಂತೆ, ಸುತ್ತಲಿನ ಅಂಚು ಕಾಣುತ್ತದಂತೆ. ಒಂದು ಸಲ ಅದನ್ನು ವಿವರಿಸಿ ಹೇಳಿದರು, ಬೇಸರವಿಲ್ಲದೆ, ಇನ್ಯಾರದೋ ಕಣ್ಣಿನ ವಿಷಯ ಹೇಳುವ ಹಾಗೆ.

ಫೋನು ಬಾರದ ವಾರಗಳಲ್ಲಿ ಭಾನುವಾರ ನಾನೇ ಹೋಗುತ್ತೇನೆ. ಕರೆಯದೆ ಹೋಗುವುದನ್ನು ಕಲಿಯುತ್ತಿದ್ದೇನೆ ಎಂದುಕೊಳ್ಳುತ್ತೇನೆ. ಕುರ್ಚಿ, ಕಾಫಿ, ಮಳೆಯ ಮಾತು, ಹೊರಡುವಾಗ "ಮೆಟ್ಟಿಲು ಜಾರತ್ತೆ, ನೋಡ್ಕೊಂಡು ಇಳೀರಿ". ಅದಕ್ಕಿಂತ ಒಂದು ಮಾತು ಜಾಸ್ತಿ ಇಲ್ಲ, ಕಡಿಮೆಯೂ ಇಲ್ಲ.

ಹೋದ ಭಾನುವಾರ ಹತ್ತಿ ಹೋದರೆ ಬಾಗಿಲಿಗೆ ಬೀಗ. ಮನೆಯವರೆಲ್ಲ ಎಲ್ಲಿಗೋ ಹೋಗಿದ್ದರು, ನೆಂಟರ ಮನೆಗಿರಬೇಕು. ನನಗೆ ತಿಳಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ, ಹೊಳೆಯಲು ಕಾರಣವೂ ಇಲ್ಲ. ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂತೆ. ಮಂಜು ಸರಿದಾಗ ಕೆಳಗೆ ರಸ್ತೆಯ ಬದಿಯಲ್ಲಿ ಕಾರು ಕಂಡಿತು. ಸಣ್ಣದು, ಬಿಳಿ. ಅಲ್ಲಿಂದ ನೋಡಿದರೆ ಅದು ಯಾರದ್ದಾದರೂ ಆಗಬಹುದಿತ್ತು. ಮತ್ತೆ ಮಂಜು ಮುಚ್ಚುವ ಮೊದಲು ಎದ್ದು, ಪಾಚಿ ಇಲ್ಲದ ಕಡೆ ನೋಡಿ ಕಾಲಿಡುತ್ತಾ, ಇಳಿದು ಬಂದೆ.